ಆರು ತಿಂಗಳು ಉರಿದ ಪುಸ್ತಕಗಳು

ಅಲೆಕ್ಸಾಂಡ್ರಿಯದ ಮಹಾಗ್ರಂಥಭಂಡಾರವನ್ನು ಸುಡಿಸಿದವರು ಖಲೀಫ ಉಮರರು ಎಂಬ ಕಥೆಯನ್ನು ಕೇಳದವರು ವಿರಳ. ಈಜಿಪ್ಟನ್ನು ಗೆದ್ದ ಸೇನಾನಿ ಅಮ್ರನ ಬಳಿಗೆ ಯೋಹಾನನೆಂಬ ವೈಯಾಕರಣನು ಬಂದು, ಅಲ್ಲಿಯ ಪುಸ್ತಕಗಳನ್ನು ತನಗೆ ಕೊಡಬೇಕೆಂದು ಬೇಡಿದನಂತೆ. ಅಮ್ರನು ಖಲೀಫರ ಅಪ್ಪಣೆ ಕೇಳಿದನಂತೆ. ಕುರಾನಿಗೆ ಒಪ್ಪುವುವಾದರೆ ಅವು ಅನಾವಶ್ಯಕ, ವಿರುದ್ಧವಾದರೆ ಹಾನಿಕರ, ಎರಡು ಪಕ್ಷದಲ್ಲಿಯೂ ನಾಶಯೋಗ್ಯವೆಂದು ಉತ್ತರ ಬಂದಿತಂತೆ. ಪುಸ್ತಕಗಳು ಸ್ನಾನಗೃಹಗಳ ಒಲೆಗೆ ಬಿದ್ದು ಆರು ತಿಂಗಳು ನೀರು ಕಾಯಿಸಿದುವಂತೆ.

ಕಥೆ ಸೊಗಸಾಗಿದೆ, ಒಂದು ಸಮಾಜವನ್ನೇ ಹಳಿಯುವುದಕ್ಕೂ ಒದಗುತ್ತದೆ. ಹಳೆಯ ಅರಬ್ಬೀ ಗ್ರಂಥದಲ್ಲಿಯೇ ಇದೆಯೆಂಬ ಆಧಾರ ಬೇರೆ. ಇದೆ, ನಿಜ. ಆದರೆ ಆ ಗ್ರಂಥ ಎಷ್ಟು ಹಳೆಯದು?

ಅಲೆಕ್ಸಾಂಡ್ರಿಯ ಅರಬರ ವಶವಾದದ್ದು 642ರಲ್ಲಿ. ಇದನ್ನು ವಿಸ್ತಾರವಾಗಿ ಬರೆದ ಇಬ್ನ್ ಅಲ್-ಕಿಫ್ತಿ ತೀರಿಕೊಂಡದ್ದು 1248ರಲ್ಲಿ. ನಡುವೆ ಆರು ಶತಮಾನಗಳು! ಅವನಿಗೆ ತುಸು ಮೊದಲು, ಸುಮಾರು 1200ರಲ್ಲಿ, ಬಾಗ್ದಾದಿನ ಅಬ್ದುಲ್ ಲತೀಫನು ಇದನ್ನು ಒಂದೇ ಮಾತಿನಲ್ಲಿ ಸೂಚಿಸಿದ್ದನು. ಅದಕ್ಕೂ ಹಿಂದಿನವರಲ್ಲಿ ಹುಡುಕಿದರೆ ಮೌನ. ಈಜಿಪ್ಟಿನವನೇ ಆಗಿ, ಆ ದೇಶದ ವಿಜಯವನ್ನೇ ಬರೆದ ಇಬ್ನ್ ಅಬ್ದುಲ್ ಹಕಮ್ (ಮರಣ 871) ಇದನ್ನು ಅರಿಯನು. ಬಲಾಧುರಿ, ತಬರಿ ಇವರೂ ಅರಿಯರು.

ಈ ಹಿಂದಿನವರ ಬರಹದಲ್ಲಿ ಒಂದು ಒಳ್ಳೆಯ ಪದ್ಧತಿಯಿತ್ತು. ಪ್ರತಿಯೊಂದು ಸಂಗತಿಗೂ ಅದನ್ನು ಯಾರಿಂದ ಯಾರು ಕೇಳಿದರೆಂಬ ಹೆಸರುಗಳ ಸರಪಣಿಯನ್ನು ಮೊದಲು ಕೊಡುತ್ತಿದ್ದರು. ಅದಕ್ಕೆ ‘ಇಸ್ನಾದ್’ ಎಂದು ಹೆಸರು. ಹಾಗೆಂದು ತಬರಿಯಲ್ಲಿದ್ದುದೆಲ್ಲ ಸತ್ಯವೆಂದಲ್ಲ. ಒಂದೇ ಘಟನೆಯ ಬಗ್ಗೆ ಪರಸ್ಪರ ಒಪ್ಪದ ವರದಿಗಳನ್ನು ಅವನು ಪಕ್ಕಪಕ್ಕದಲ್ಲಿಯೇ ಇಟ್ಟಿದ್ದಾನೆ; ಓದುಗನಿಗೆ ಒಗ್ಗದ ಸುದ್ದಿ ಕಂಡರೆ ಅದು ತನ್ನದಲ್ಲ, ಹೇಳಿದವರದೆಂದು ಪೀಠಿಕೆಯಲ್ಲಿಯೇ ಎಚ್ಚರಿಸಿದ್ದಾನೆ. ತೆಗಳುವವರಂತೆ ಹೊಗಳುವವರೂ ಈ ಎಚ್ಚರಿಕೆಯನ್ನು ಮರೆತು ತಮಗೆ ಬೇಕಾದ ಸಾಲನ್ನಷ್ಟೇ ಹೆಕ್ಕುತ್ತಾರೆ.

ಮುಸ್ಲಿಮ್ ಲೇಖಕರು ಮುಚ್ಚಿಟ್ಟಿರಬಹುದೆಂದು ಶಂಕಿಸುವವರಿಗೆ ಇನ್ನೊಬ್ಬ ಸಾಕ್ಷಿಯಿದ್ದಾನೆ. ಅದೇ ಏಳನೆಯ ಶತಮಾನದ ಕ್ರೈಸ್ತ ಬಿಷಪ್, ನಿಕಿಯುವಿನ ಯೋಹಾನ. ಗೆದ್ದವರು ಹೇರಿದ ತೆರಿಗೆ, ಜನ ಪಟ್ಟ ಬವಣೆ, ಎಲ್ಲವನ್ನೂ ಕಟುವಾಗಿ ಬರೆದವನು. ಪುಸ್ತಕಗಳ ಮಾತನ್ನು ಅವನೂ ಎತ್ತಿಲ್ಲ. ಕಥೆಯ ನಾಯಕನಾದ ವೈಯಾಕರಣನ ಅವಸ್ಥೆಯಂತೂ ವಿನೋದವಾಗಿದೆ! ಆತನು ಪ್ರೌಢ ತತ್ತ್ವಗ್ರಂಥ ಬರೆದದ್ದು 529ರಲ್ಲಿ. ಅಮ್ರನನ್ನು ಕಾಣಲು ಅದಾದ ಮೇಲೆ 113 ವರ್ಷ ಬದುಕಿರಬೇಕಾಗಿತ್ತು.

ಖಲೀಫರ ಉತ್ತರವೂ ಒಂದೇ ಊರಿನದಲ್ಲ. ಹದಿನಾಲ್ಕನೆಯ ಶತಮಾನದ ಇಬ್ನ್ ಖಲ್ದೂನನು ಹೆಚ್ಚುಕಡಿಮೆ ಅದೇ ಉತ್ತರವನ್ನು ಪರ್ಷಿಯದ ಪುಸ್ತಕಗಳ ಪ್ರಸಂಗದಲ್ಲಿ ಹೇಳುತ್ತಾನೆ. ಒಂದೇ ಚಾಟೂಕ್ತಿ ಆಗ್ರದಲ್ಲಿ ಬೀರಬಲನದಾಗಿ, ವಿಜಯನಗರದಲ್ಲಿ ತೆನ್ನಾಲಿ ರಾಮಕೃಷ್ಣನದಾಗುವುದನ್ನು ನಮ್ಮ ಮನೆಯ ಮಕ್ಕಳೂ ಬಲ್ಲರು.

ಯುರೋಪಿನಲ್ಲಿ ಗಿಬ್ಬನ್ 1788ರಲ್ಲಿಯೇ ಈ ಕಥೆಯನ್ನು ಸಂದೇಹಿಸಿದನು. ಆಲ್‌ಫ್ರೆಡ್ ಬಟ್ಲರ್ 1902ರಲ್ಲಿ ಎಳೆಎಳೆಯಾಗಿ ಬಿಡಿಸಿ ತಳ್ಳಿಹಾಕಿದನು. ಗ್ರಂಥಭಂಡಾರ ಅರಬರು ಬರುವುದಕ್ಕೆ ಬಹಳ ಮೊದಲೇ ಕ್ಷಯಿಸಿತ್ತು. ಅದರ ಶಾಖೆಯಿದ್ದ ಸೆರಾಪಿಸ್ ದೇವಾಲಯ ಸುಮಾರು 391ರಲ್ಲಿ ಕ್ರೈಸ್ತರ ಕೈಯಲ್ಲಿ ಹಾಳಾಯಿತು.

ನಗರ ಕೈಸೇರಿದಾಗ ಅಮ್ರನು ಉಮರರಿಗೆ ಬರೆದನೆನ್ನುವ ಓಲೆಯೊಂದನ್ನು ಇಬ್ನ್ ಅಬ್ದುಲ್ ಹಕಮ್ ಉದ್ಧರಿಸಿದ್ದಾನೆ. ಅದರಲ್ಲಿ 4,000 ಸೌಧಗಳ ಲೆಕ್ಕವಿದೆ, 4,000 ಸ್ನಾನಗೃಹಗಳ ಲೆಕ್ಕವೂ ಇದೆ. ಪುಸ್ತಕಗಳ ಸುದ್ದಿ ಮಾತ್ರ ಇಲ್ಲ.