ಹಲವು ಶಾಸ್ತ್ರ, ಒಂದು ಗೋಷ್ಠಿ

ಗೋಷ್ಠಿ ಎಂಬ ಶಬ್ದದ ಮೂಲ ‘ಗೋಷ್ಠ’. ಹಸುಗಳು ಬಂದು ಒಟ್ಟಿಗೆ ನಿಲ್ಲುವ ತಾಣವೆಂದು ಅದರ ಅರ್ಥ. ಹಗಲೆಲ್ಲ ಬೇರೆ ಬೇರೆ ಬಯಲುಗಳಲ್ಲಿ ಮೇಯ್ದವು ಸಂಜೆಗೆ ಒಂದೆಡೆ ಸೇರುತ್ತವೆ. ಪಂಡಿತರು ಕೂಡಿ ವಿಚಾರ ಮಾಡುವುದಕ್ಕೂ ನಮ್ಮ ಪೂರ್ವಿಕರು ಈ ಹೆಸರನ್ನೇ ಇಟ್ಟರು. ಹವೆ, ಕಡಲು, ರಸಾಯನ, ಅರ್ಥವ್ಯವಸ್ಥೆ ಮುಂತಾದ ಬೇರೆ ಬೇರೆ ಶಾಸ್ತ್ರಗಳಲ್ಲಿ ಪರಿಶ್ರಮವುಳ್ಳ ವಿಜ್ಞಾನಿಗಳು ಭೂಮಿಯ ತಾಪ ಏರುತ್ತಿರುವುದನ್ನು ಕುರಿತು ಕೂಡಿದ ಕೆಲವು ಗೋಷ್ಠಿಗಳ ವಿಚಾರವನ್ನು ಈ ಸಂಚಿಕೆಯಲ್ಲಿ ಸಹೃದಯ ವಾಚಕರ ಮುಂದಿಡಬೇಕೆಂದಿದ್ದೇವೆ.

1985ರ ಅಕ್ಟೋಬರಿನಲ್ಲಿ ಆಸ್ಟ್ರಿಯಾ ದೇಶದ ಫಿಲ್ಲಾಖ್ ಎಂಬ ಊರಿನಲ್ಲಿ 29 ದೇಶಗಳ ವಿಜ್ಞಾನಿಗಳು ಒಂದು ವಾರ ಸೇರಿದ್ದರು. ಅವರು ತಮ್ಮ ಸರ್ಕಾರಗಳ ಪ್ರತಿನಿಧಿಗಳಾಗಿ ಬಂದವರಲ್ಲ. ತಮ್ಮ ತಮ್ಮ ವಿದ್ಯೆಯ ಬಲದಿಂದ ಕರೆಸಿಕೊಂಡವರು. ಕಲ್ಲಿದ್ದಲು, ಎಣ್ಣೆಗಳನ್ನು ಉರಿಸಿದಾಗ ಹೊರಡುವ ಇಂಗಾಲದ ಡೈಆಕ್ಸೈಡ್ ಭೂಮಿಗೆ ಕಂಬಳಿ ಹೊದಿಸಿದಂತೆ ತಾಪವನ್ನು ಹಿಡಿದಿಡುತ್ತದೆ ಎಂಬುದು ಹೊಸ ಮಾತಾಗಿರಲಿಲ್ಲ. ಸ್ವೀಡನ್ ದೇಶದ ಅರೇನಿಯಸ್ 1896ರಲ್ಲಿಯೇ ಅದರ ಗಣಿತವನ್ನು ಮಾಡಿದ್ದರು. ಆದರೆ ಬಹುಕಾಲ ವಿದ್ವಾಂಸರ ದೃಷ್ಟಿ ಆ ಒಂದು ಅನಿಲದ ಮೇಲೆಯೇ ನೆಟ್ಟಿತ್ತು.

ಆ ದೃಷ್ಟಿಯನ್ನು ಅಗಲಗೊಳಿಸಿದವರಲ್ಲಿ ಒಬ್ಬರು ನಮಗೆ ದೂರದವರಲ್ಲ. ವೀರಭದ್ರನ್ ರಾಮನಾಥನ್ ಅವರು ತಮಿಳುನಾಡಿನಿಂದ ಹನ್ನೊಂದನೆಯ ವಯಸ್ಸಿನಲ್ಲಿ ಬೆಂಗಳೂರಿಗೆ ಬಂದವರು. ಪಾಠಗಳೆಲ್ಲ ಇಂಗ್ಲಿಷಿನಲ್ಲಿ; ಗುರುಗಳ ಮಾತು ತಿಳಿಯದೆ ತಾವೇ ಯೋಚಿಸಿ ಕಲಿಯುವ ಅಭ್ಯಾಸ ಬಿತ್ತು ಎಂದು ಹೇಳಿಕೊಂಡಿದ್ದಾರೆ. ಇಂಜಿನಿಯರಿಂಗ್ ಮುಗಿಸಿ ಸಿಕಂದರಾಬಾದಿನ ಶೀತಲಯಂತ್ರದ ಕಾರ್ಖಾನೆಯೊಂದರಲ್ಲಿ, ಯಂತ್ರದಿಂದ ಅನಿಲ ಏಕೆ ಸೋರುತ್ತದೆಂದು ಪರೀಕ್ಷಿಸುವ ಕೆಲಸ ಮಾಡಿದರು. ಅನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, ಅಮೆರಿಕೆಗೆ ಹೋಗಿ ಗ್ರಹಗಳ ವಾಯುಮಂಡಲವನ್ನು ಅಭ್ಯಸಿಸಿದರು. 1975ರಲ್ಲಿ ಅವರು ಕಂಡುಹಿಡಿದದ್ದು ಇದು: ಶೀತಲಯಂತ್ರಗಳಲ್ಲಿ ತುಂಬುತ್ತಿದ್ದ ಕ್ಲೋರೋಫ್ಲೂರೋಕಾರ್ಬನ್ನಿನ ಒಂದು ಅಣು, ಇಂಗಾಲದ ಡೈಆಕ್ಸೈಡಿನ ಸುಮಾರು ಹತ್ತು ಸಾವಿರ ಅಣುಗಳಷ್ಟು ತಾಪವನ್ನು ಹಿಡಿಯಬಲ್ಲದು. ಕಾರ್ಖಾನೆಯಲ್ಲಿ ಸೋರುತ್ತಿದ್ದುದು ಅದೇ ಜಾತಿಯ ಅನಿಲ! ಯಂತ್ರವನ್ನೂ ಗ್ರಹಮಂಡಲವನ್ನೂ ಬಲ್ಲವರಿಗೆ ಮಾತ್ರ ಈ ಎರಡು ತುದಿಗಳು ಕೂಡಿ ಕಂಡಿರಬೇಕೆಂದು ನಮಗೆ ತೋರುತ್ತದೆ.

ಇಂತಹ ಲೆಕ್ಕಗಳೆಲ್ಲ ಫಿಲ್ಲಾಖ್‌ನಲ್ಲಿ ಒಂದೇ ಮೇಜಿನ ಮೇಲೆ ಬಂದವು. ಮೀಥೇನ್, ನೈಟ್ರಸ್ ಆಕ್ಸೈಡ್, ಕ್ಲೋರೋಫ್ಲೂರೋಕಾರ್ಬನ್ ಮುಂತಾದ ಉಳಿದ ಅನಿಲಗಳೆಲ್ಲ ಸೇರಿ ಇಂಗಾಲದ ಡೈಆಕ್ಸೈಡಿನಷ್ಟೇ ಪ್ರಭಾವ ಬೀರುತ್ತಿವೆ. ಹೀಗೆಯೇ ನಡೆದರೆ ಆ ಡೈಆಕ್ಸೈಡು ಇಮ್ಮಡಿಯಾದಷ್ಟು ಪರಿಣಾಮ 2030ರ ದಶಕದಲ್ಲಿಯೇ ಆಗಬಹುದು ಎಂದು ವಿದ್ವಾಂಸರು ಸಾರಿದರು. ಮೊಮ್ಮಕ್ಕಳ ಕಾಲದ ಚಿಂತೆ ಎನಿಸಿದ್ದುದು ಒಮ್ಮೆಗೇ ಮಕ್ಕಳ ಕಾಲಕ್ಕೆ ಬಂದು ನಿಂತಿತು.

ಅದೇ ಹೇಳಿಕೆಯಲ್ಲಿ ಇನ್ನೊಂದು ಮಾತಿತ್ತು. ಅದು ಅಷ್ಟು ಪ್ರಸಿದ್ಧವಾಗಲಿಲ್ಲ. ನಮ್ಮ ಮನಸ್ಸಿಗೆ ಹೆಚ್ಚು ನಾಟಿದ್ದು ಅದೇ. ನೀರಾವರಿ, ಜಲವಿದ್ಯುತ್ತು, ಬರಪರಿಹಾರ, ಕರಾವಳಿಯ ಕಟ್ಟಡ ಇವುಗಳ ಯೋಜನೆಗಳನ್ನೆಲ್ಲ ಹಿಂದಿನ ಹವೆಯ ದಾಖಲೆಗಳೇ ಮುಂದಿನದಕ್ಕೂ ಪ್ರಮಾಣವೆಂದು ನಂಬಿ ಮಾಡಲಾಗುತ್ತಿದೆ, ಇನ್ನು ಮುಂದೆ ಆ ನಂಬಿಕೆ ಸಲ್ಲದು ಎಂದು ಅವರು ಎಚ್ಚರಿಸಿದ್ದರು. ವಾಚಕರು ಇದನ್ನು ಸ್ವಲ್ಪ ಯೋಚಿಸಬೇಕು. ಅಣೆಕಟ್ಟಿನ ಎತ್ತರ, ಸೇತುವೆಯ ಕಣ್ಣು, ಕೆರೆಯ ಕೋಡಿ ಎಲ್ಲವೂ ಹಿಂದೆ ಬಿದ್ದ ಮಳೆಯ ಲೆಕ್ಕದ ಮೇಲೆ ನಿಂತಿವೆ. ರೋಹಿಣಿ, ಮೃಗಶಿರೆ ಎಂದು ಮಳೆನಕ್ಷತ್ರಗಳನ್ನು ಎಣಿಸಿ ಬಿತ್ತುವ ಒಕ್ಕಲಿಗನ ಅರಿವೂ ಹಿರಿಯರ ಅನುಭವದಿಂದಲೇ ಬಂದದ್ದು. ಆ ಲೆಕ್ಕದ ಪುಸ್ತಕವೇ ಹಳತಾಗುತ್ತಿದೆ ಎಂಬುದು 1985ರಲ್ಲಿಯೇ ಬರಹಕ್ಕೆ ಬಂದ ಮಾತು.

1988ರಲ್ಲಿ ಸರ್ಕಾರಗಳೇ ಸದಸ್ಯರಾದ ಹವಾಮಾನ ಬದಲಾವಣೆಯ ಅಂತರಸರ್ಕಾರಿ ಮಂಡಳಿ ಸ್ಥಾಪಿತವಾಯಿತು. ಸ್ವೀಡನ್ನಿನ ಹವಾಮಾನ ಶಾಸ್ತ್ರಜ್ಞ ಬರ್ಟ್ ಬೋಲಿನ್ ಅದರ ಮೊದಲ ಅಧ್ಯಕ್ಷರು. ವರದಿಗಳನ್ನು ವಿಜ್ಞಾನಿಗಳು ಬರೆಯುತ್ತಾರೆ. ನೀತಿಕಾರರಿಗಾಗಿ ಮಾಡುವ ಸಾರಾಂಶದ ಒಂದೊಂದು ಸಾಲಿಗೂ ಸರ್ಕಾರಗಳ ಪ್ರತಿನಿಧಿಗಳು ಒಪ್ಪಿಗೆ ಕೊಡಬೇಕು. ಇದರಿಂದ ಮಾತು ಮೆತ್ತಗಾಗುತ್ತದೆ ಎಂದು ಆಕ್ಷೇಪಿಸುವವರಿದ್ದಾರೆ. ಆದರೆ ತಾವೇ ಒಪ್ಪಿದ ಸಾಲನ್ನು ಆಳುವವರು ಮುಂದೆ ಅಲ್ಲಗಳೆಯಲಾರರು ಎಂಬ ಪ್ರಯೋಜನವನ್ನೂ ನಾವು ಮರೆಯಬಾರದು.

1999ರ ಜನವರಿಯಿಂದ ಮಾರ್ಚಿಯವರೆಗೆ ಮಾಲ್ಡೀವ್ಸ್ ದ್ವೀಪಗಳನ್ನು ನೆಲೆಯಾಗಿಸಿಕೊಂಡು ನಡೆದ ಹಿಂದೂ ಮಹಾಸಾಗರದ ಪರಿಶೋಧನೆ ಇನ್ನೊಂದು ಬಗೆಯ ಕೂಟ. ಓಜೋನ್ ಸಂಶೋಧನೆಗಾಗಿ ನೊಬೆಲ್ ಪಡೆದ ಪಾಲ್ ಕ್ರುಟ್ಸೆನ್ ಮತ್ತು ರಾಮನಾಥನ್ ಇದರ ಮುಂದಾಳುಗಳು. ಯುರೋಪು, ಅಮೆರಿಕ, ಭಾರತಗಳ ಇನ್ನೂರಕ್ಕೂ ಹೆಚ್ಚು ವಿಜ್ಞಾನಿಗಳು ಹಡಗು, ವಿಮಾನ, ಉಪಗ್ರಹಗಳಿಂದ ಅಳತೆ ಮಾಡಿದರು. ಕಡಲ ಮೇಲೆ ಸುಮಾರು ಮೂರು ಕಿಲೋಮೀಟರ್ ದಪ್ಪದ ಕಂದು ಹೊಗೆ ಹರಡಿ ಬಿಸಿಲನ್ನು ತಡೆಯುತ್ತಿದ್ದುದು ಕಂಡುಬಂತು. 2002ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಅದನ್ನು ‘ಏಷ್ಯಾದ ಕಂದು ಮೋಡ’ ಎಂದು ಕರೆದು ವರದಿ ಹೊರಡಿಸಿತು. ಆಗ ಎದ್ದು ಪ್ರಶ್ನೆ ಕೇಳಿದವರು, ರಾಮನಾಥನ್ ಓದಿದ ಅದೇ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಜೆ. ಶ್ರೀನಿವಾಸನ್ ಮತ್ತು ಸುಲೋಚನಾ ಗಾಡ್ಗೀಳ್. ವರದಿಯ ಕೆಲವು ನಿರ್ಣಯಗಳು ಆಧಾರವನ್ನು ಮೀರಿ ಮುಂದೆ ಹೋಗಿವೆ ಎಂದು ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಅವರು ಬರೆದರು. ಮುಂದೆ ‘ಏಷ್ಯಾದ’ ಎಂಬ ವಿಶೇಷಣ ಹೋಗಿ ‘ವಾಯುಮಂಡಲದ ಕಂದು ಮೋಡ’ಗಳೆಂಬ ಹೆಸರು ಬಂತು, ಇಂತಹ ಹೊಗೆ ಬೇರೆ ಖಂಡಗಳಲ್ಲಿಯೂ ಉಂಟಷ್ಟೆ. ನ್ಯಾಯಶಾಸ್ತ್ರವು ವಾದ, ಜಲ್ಪ, ವಿತಂಡೆ ಎಂದು ಮಾತಿನ ಮೂರು ಬಗೆಗಳನ್ನು ಹೇಳುತ್ತದೆ. ತತ್ತ್ವವನ್ನು ತಿಳಿಯುವುದಕ್ಕಾಗಿ ಮಾಡುವುದು ವಾದ, ಬೆಂಗಳೂರಿನವರದು ಅದು.

ಆ ಹೊಗೆ ಯಾರದು? 2009ರಲ್ಲಿ ಇದಕ್ಕೆ ಉತ್ತರ ದೊರೆತದ್ದು ಪ್ರಾಚ್ಯವಸ್ತು ಸಂಶೋಧಕರು ಹಳೆಯ ಮೂಳೆಗಳ ಕಾಲ ನಿರ್ಣಯಿಸಲು ಬಳಸುವ ಉಪಾಯದಿಂದ. ಕೋಟ್ಯಂತರ ವರ್ಷ ನೆಲದಲ್ಲಿ ಹೂತಿದ್ದ ಕಲ್ಲಿದ್ದಲು, ಎಣ್ಣೆಗಳಲ್ಲಿ ವಿಕಿರಣಶೀಲ ಇಂಗಾಲ ಉಳಿದಿರುವುದಿಲ್ಲ. ಮೊನ್ನೆ ಕಡಿದ ಕಟ್ಟಿಗೆಯಲ್ಲಿ, ಬೆರಣಿಯಲ್ಲಿ ಇರುತ್ತದೆ. ಮಾಲ್ಡೀವ್ಸ್‌ನಲ್ಲಿಯೂ ಪುಣೆಯ ಬಳಿಯ ಸಿಂಹಗಡದಲ್ಲಿಯೂ ಹಿಡಿದ ಮಸಿಯನ್ನು ಹೀಗೆ ಪರೀಕ್ಷಿಸಿದಾಗ, ಅದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕಟ್ಟಿಗೆ, ಬೆರಣಿ, ಕೂಳೆಗಳನ್ನು ಸುಟ್ಟದ್ದರಿಂದ ಬಂದುದೆಂದು ತಿಳಿಯಿತು. ಒಲೆಯ ಮುಂದೆ ಕುಳಿತು ಊದುಕೊಳವೆ ಊದುವ ತಾಯಿಯೇ ಈ ಹೊಗೆಯನ್ನು ಎಲ್ಲರಿಗಿಂತ ಮೊದಲು ನುಂಗುವವಳು. ಬದುಕಲಿಕ್ಕೆ ಹಚ್ಚಿದ ಬೆಂಕಿಯನ್ನೂ ಭೋಗಕ್ಕೆ ಹಚ್ಚಿದ ಬೆಂಕಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂದು ದೆಹಲಿಯ ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲಿಯೇ ವಾದಿಸಿದ್ದರು. ಅದು ಹವಾಮಾನ ಶಾಸ್ತ್ರ ಬಿಡಿಸುವ ಪ್ರಶ್ನೆಯಲ್ಲ. ಅಲ್ಲಿಗೆ ಬೇರೆ ಶಾಸ್ತ್ರದವರು ಬರಲೇಬೇಕು.

ಅವರು ಬಂದದ್ದು ರೋಮಿನಲ್ಲಿ. ವ್ಯಾಟಿಕನ್ನಿನಲ್ಲಿ 1936ರಲ್ಲಿ ಪುನಃ ರೂಪುಗೊಂಡ ವಿಜ್ಞಾನ ಪರಿಷತ್ತೊಂದಿದೆ. ಸದಸ್ಯರನ್ನು ಮತವನ್ನು ನೋಡಿ ಆರಿಸುವುದಿಲ್ಲ, ಸರ್ ಸಿ. ವಿ. ರಾಮನ್ ಅದರ ಸದಸ್ಯರಾಗಿದ್ದರು, ಸಿ. ಎನ್. ಆರ್. ರಾವ್ ಅವರನ್ನು 1990ರಲ್ಲಿಯೂ ರಾಮನಾಥನ್ ಅವರನ್ನು 2004ರಲ್ಲಿಯೂ ಆರಿಸಿಕೊಂಡರು. 2014ರ ಮೇ 2ರಿಂದ 6ರವರೆಗೆ ಈ ಪರಿಷತ್ತೂ ಅಲ್ಲಿನ ಸಮಾಜವಿಜ್ಞಾನ ಪರಿಷತ್ತೂ ಒಟ್ಟಾಗಿ ಸಭೆ ಸೇರಿದವು. ರಾಮನಾಥನ್ ಅವರೊಂದಿಗೆ ಅದನ್ನು ಸಂಘಟಿಸಿದವರಲ್ಲಿ ಕೇಂಬ್ರಿಜ್ಜಿನ ಅರ್ಥಶಾಸ್ತ್ರಜ್ಞ ಪಾರ್ಥ ದಾಸ್‌ಗುಪ್ತ ಒಬ್ಬರು. ಕಡಿದ ಮರದ ಬೆಲೆ ರಾಷ್ಟ್ರದ ಆದಾಯದಲ್ಲಿ ಸೇರುತ್ತದೆ, ಹೋದ ಕಾಡು ಯಾವ ಖರ್ಚಿನಲ್ಲಿಯೂ ಬರುವುದಿಲ್ಲ ಎಂಬ ದೋಷವನ್ನು ಅವರು ಬಹುಕಾಲದಿಂದ ತೋರಿಸುತ್ತ ಬಂದವರು.

ಸಭೆಯ ಸಾರವನ್ನು ಪೋಪ್ ಫ್ರಾನ್ಸಿಸ್ ಅವರಿಗೆ ತಿಳಿಸುವ ಹೊಣೆ ರಾಮನಾಥನ್ ಅವರ ಮೇಲೆ ಬಿತ್ತು. ಅವರೇ ಹೇಳಿಕೊಂಡಿರುವಂತೆ, ವಾಹನಗಳನ್ನು ನಿಲ್ಲಿಸುವ ಅಂಗಳದಲ್ಲಿ ನಿಂತೇ ಆಡಬೇಕಾದ ಎರಡೇ ನಿಮಿಷದ ಮಾತು ಅದು. ಹೆಚ್ಚಿನ ಮಾಲಿನ್ಯ ಸಿರಿವಂತರದು, ಅದರ ಘೋರ ಫಲವನ್ನು ಉಣ್ಣುವವರು ಅತಿ ಬಡವರಾದ 300 ಕೋಟಿ ಜನ ಎಂದು ಹೇಳಿದರಂತೆ. ಎರಡು ನಿಮಿಷದಲ್ಲಿ ಅವರು ಆರಿಸಿಕೊಂಡದ್ದು ಅನಿಲಗಳ ಅಂಕಿಗಳನ್ನಲ್ಲ ಎಂಬುದನ್ನು ವಾಚಕರು ಗಮನಿಸಬೇಕು. 2015ರ ಜೂನ್ 18ರಂದು ಪರಿಸರವನ್ನು ಕುರಿತ ಪೋಪ್ ಅವರ ಸಂದೇಶಪತ್ರ ‘ಲೌದಾತೋ ಸೀ’ ಪ್ರಕಟವಾಯಿತು. ಅದೇ ಡಿಸೆಂಬರಿನಲ್ಲಿ ಪ್ಯಾರಿಸ್ ಒಪ್ಪಂದವಾಯಿತು.

ಕ್ಲೋರೋಫ್ಲೂರೋಕಾರ್ಬನ್ನುಗಳ ತಯಾರಿಕೆಗೆ 1987ರ ಮಾಂಟ್ರಿಯಲ್ ಒಪ್ಪಂದ ಕಡಿವಾಣ ಹಾಕಿತು. ಅವು ವಾಯುಮಂಡಲದಲ್ಲಿ ಮೆಲ್ಲಮೆಲ್ಲನೆ ಇಳಿಯುತ್ತಿವೆ. ಇಂಗಾಲದ ಡೈಆಕ್ಸೈಡ್ ಹಾಗಲ್ಲ. ಫಿಲ್ಲಾಖ್‌ನಲ್ಲಿ ವಿದ್ವಾಂಸರು ಕೂಡಿದ ವರ್ಷ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಅದು ಸುಮಾರು 346 ಭಾಗವಿತ್ತು. 2024ರಲ್ಲಿ 420ನ್ನು ದಾಟಿತ್ತು.