ಅಡಕವೋ, ಇಕ್ಕಟ್ಟೋ?

‘ಕಾಂಪ್ಯಾಕ್ಟ್’ ಎಂಬ ಇಂಗ್ಲಿಷ್ ಶಬ್ದವು ಇಂದು ಕಾರು, ಕಪಾಟು, ಮನೆ ಎಲ್ಲಕ್ಕೂ ವಿಶೇಷಣವಾಗಿದೆ. ಅರ್ಥವೇನೆಂದರೆ ‘ಚಿಕ್ಕದು’ ಎನ್ನುತ್ತಾರೆ. ಇದು ನನಗೆ ಒಪ್ಪಿಗೆಯಾಗದು. ಆ ಶಬ್ದದ ಲ್ಯಾಟಿನ್ ಮೂಲದಲ್ಲಿರುವುದು ಒಂದಕ್ಕೊಂದನ್ನು ಬಿಗಿಯಾಗಿ ಕೂಡಿಸುವ ಭಾವ, ಕಿರಿದುಮಾಡುವ ಭಾವವಲ್ಲ.

ಗಾಜನೂರಿನಲ್ಲಿ ತುಂಗೆಯ ಅಣೆಕಟ್ಟನ್ನು ನೋಡಬಂದ ಸಂಸಾರವೊಂದು ಟಿಫಿನ್ ಕ್ಯಾರಿಯರ್ ಬಿಚ್ಚಿದಾಗ ಈ ಭೇದ ನನಗೆ ಸ್ಪಷ್ಟವಾಯಿತು. ಅನ್ನ, ಸಾರು, ಪಲ್ಯ, ಮೊಸರು ಒಂದರ ಮೇಲೊಂದು ಕುಳಿತು ಒಂದೇ ಹಿಡಿಯಲ್ಲಿ ಬಂದಿದ್ದವು. ಕಡಿಮೆಯಾದದ್ದು ಜಾಗ, ಊಟವಲ್ಲ.

ಇದಕ್ಕೆ ಕನ್ನಡದಲ್ಲಿ ಮಾತಿಲ್ಲವೆ? ಮಣ್ಣಿನೊಳಗಿನ ಗಾಳಿ ಹೋಗುವಂತೆ ಬಡಿದು ಗಟ್ಟಿಮಾಡುವುದನ್ನು ಎಂಜಿನಿಯರು ‘ಕಾಂಪ್ಯಾಕ್ಷನ್’ ಎಂದರೆ ನಮ್ಮವರು ‘ದಮ್ಮಸು’ ಎನ್ನುತ್ತಾರೆ. 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕಿಗೆ ‘ಸಾಂದ್ರಮುದ್ರಿಕೆ’ ಎಂಬ ಹೆಸರು ಬಳಕೆಗೆ ಬಂದಿತು. ಆದರೆ ಸಾಂದ್ರವೆಂದರೆ ದಟ್ಟವಾದದ್ದು. ಹನ್ನೆರಡು ಸೆಂಟಿಮೀಟರ್ ಅಗಲದ ಆ ತಟ್ಟೆಯಲ್ಲಿ ಒಂದು ಗಂಟೆಗೂ ಮೀರಿದ ಸಂಗೀತ ಸೇರಿತ್ತು. ಅದರ ಗುಣ ದಟ್ಟತನವಲ್ಲ, ಅಡಕ. ‘ವಿಷಯವನ್ನು ಅಡಕವಾಗಿ ಬರೆ’ ಎಂದು ಮೇಷ್ಟರು ಹೇಳುವಾಗ ವಿಷಯವನ್ನೇ ಬಿಡು ಎಂದು ಯಾವ ವಿದ್ಯಾರ್ಥಿಯೂ ತಿಳಿಯುವುದಿಲ್ಲ.

ಈ ವಿವೇಚನೆ ಬರಿಯ ನಿಘಂಟಿನ ವ್ಯಾಸಂಗವಲ್ಲ. ಗಾಳಿ ಬೆಳಕಿಲ್ಲದ ಕೋಣೆಯನ್ನೂ ‘ಕಾಂಪ್ಯಾಕ್ಟ್’ ಎಂಬ ಹೆಸರಿನಲ್ಲಿ ಮಾರುವ ಕಾಲವಿದು. ಪರಭಾಷೆಯ ಮಾತು ಕೊರತೆಯನ್ನು ಮುಚ್ಚಬಲ್ಲುದು. ಮನೆಯ ಮಾತು ಅದನ್ನು ತೆರೆದು ತೋರಿಸುತ್ತದೆ. ಹಣ ಕೊಡುವ ಮೊದಲು ಕನ್ನಡದಲ್ಲಿ ಒಂದು ಪ್ರಶ್ನೆ ಕೇಳೋಣ: ಇದು ಅಡಕವೋ, ಇಕ್ಕಟ್ಟೋ?