ಕಾರ್ಬುರೇಟರಿನ ರಬ್ಬರೂ ಕಳ್ಳಗಾಳಿಯೂ

ಎಂಜಿನ್ನಿನ ಆಹಾರವೇನೆಂದು ಕೇಳಿದರೆ ಪೆಟ್ರೋಲೆಂದೇ ಬಹುಮಂದಿ ಉತ್ತರ ಕೊಡುವರು. ತೂಕದ ಲೆಕ್ಕದಲ್ಲಿ ಅದು ಉಣ್ಣುವುದು ಹೆಚ್ಚಾಗಿ ಗಾಳಿಯನ್ನು. ಒಂದು ಭಾಗ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಭಾಗ ಗಾಳಿ ಬೇಕು. ಹಳೆಯ ಮೋಟಾರ್ ಸೈಕಲ್ಲುಗಳಲ್ಲಿ ಈ ಪ್ರಮಾಣವನ್ನು ಕಾಯುವ ಹೊಣೆ ಕಾರ್ಬುರೇಟರಿನದು. ಅದನ್ನು ಎಂಜಿನ್ನಿಗೆ ಸೇರಿಸುವ ಪುಟ್ಟ ರಬ್ಬರು ಕೊಳವೆ ಬಿರಿದರೆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಅಂತಹ ಬಿರುಕಿಗೆ ಅಂಟು ಮೆತ್ತಿ ಸುಮ್ಮನಾಗುವ ರೂಢಿ ನಮ್ಮಲ್ಲಿ ಬಲವಾಗಿದೆ. ಈ ರೂಢಿಯನ್ನು ಬಿಡಬೇಕೆಂಬುದೇ ಇಲ್ಲಿಯ ವಾದ.

ಇದು ಹವ್ಯಾಸಿಗಳ ಚಿಂತೆ ಮಾತ್ರವಲ್ಲ. ಯಮಹಾ ಆರ್‌ಎಕ್ಸ್ 100ರ ತಯಾರಿಕೆ 1996ರಲ್ಲಿ ನಿಂತಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯೂ ಅದೇ ವರ್ಷ ಮುಚ್ಚಿತು. ಹೊಸದುರ್ಗದ ಸಂತೆಗೋ ಹಾಲುರಾಮೇಶ್ವರದ ಕ್ಷೇತ್ರಕ್ಕೋ ಹೊರಟ ಸಂಸಾರವು ಇಂತಹ ಬಂಡಿಯೊಂದನ್ನು ಏರಿದರೆ, ಅದರ ಪ್ರಾಯ ಮೂವತ್ತರ ಆಸುಪಾಸಿನದೆಂದೇ ತಿಳಿಯಬೇಕು. ಗಂಧಕ ಬೆರೆಸಿ ಹದಗೊಳಿಸಿದ ರಬ್ಬರು ಎಂಜಿನ್ನಿನ ಬಿಸಿಗೂ ಗಾಳಿಯ ಆಮ್ಲಜನಕಕ್ಕೂ ಸಿಕ್ಕಿ, ವರ್ಷಗಳು ಕಳೆದಂತೆ ಗಡುಸಾಗಿ ಬಿರಿಯುತ್ತದೆ.

ಬಿರಿದರೆ ಆಗುವುದೇನು? ಎಂಜಿನ್ನು ಉಸಿರೆಳೆದಾಗ ಕೊಳವೆಯೊಳಗಿನ ಒತ್ತಡ ಹೊರಗಿನ ವಾಯುಭಾರಕ್ಕಿಂತ ಇಳಿಯುತ್ತದೆ. ಕಾರ್ಬುರೇಟರಿನ ಕಿರಿದಾದ ಕೊರಳಿನಲ್ಲಿ ರಭಸದಿಂದ ಹಾಯುವ ಗಾಳಿ ಪೆಟ್ರೋಲನ್ನು ತನ್ನೊಡನೆ ಸೆಳೆದೊಯ್ಯುತ್ತದೆ. ಬಿರುಕಿನಿಂದ ನುಗ್ಗುವ ಗಾಳಿಯಾದರೋ ಸುಂಕದ ಕಟ್ಟೆಯನ್ನು ತಪ್ಪಿಸಿ ಊರು ಹೊಕ್ಕ ಸರಕಿನಂತೆ. ಪೆಟ್ರೋಲಿನ ಪಾಲನ್ನು ತರುವುದೇ ಇಲ್ಲ. ಮಿಶ್ರಣ ತೆಳುವಾಗುತ್ತದೆ, ಸಿಲಿಂಡರು ಮಿತಿಮೀರಿ ಕಾಯುತ್ತದೆ, ಪಿಸ್ಟನ್ ಹಿಗ್ಗಿ ಕಚ್ಚಿಕೊಳ್ಳುತ್ತದೆ. ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸುವ ಯೆಜ್ಡಿಯಂತಹ ಬಂಡಿಗಳಲ್ಲಿ ಸಂದಿ ಸೋರಿದರೆ ಪೆಟ್ರೋಲಿನೊಡನೆ ಎಣ್ಣೆಯ ಪಾಲೂ ಕುಗ್ಗುತ್ತದೆ. ವೇಗದಲ್ಲಿರುವಾಗ ಎಂಜಿನ್ನು ಸೀಜ್ ಆದರೆ ಹಿಂಚಕ್ರ ನಿಂತುಹೋಗಿ ಸವಾರರು ನೆಲಕ್ಕುರುಳಬಹುದು. ನಷ್ಟ ಬರಿಯ ಹಣದ್ದಲ್ಲ.

ಈಗ ಇನ್ನೊಂದು ಕಾರಣವೂ ಕೂಡಿಕೊಂಡಿದೆ. ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಚಾಲನೆ ದೊರೆಯಿತು. 2025ರ ಹೊತ್ತಿಗೆ ಅದು ದೇಶದಲ್ಲೆಲ್ಲ ಹರಡಿತು. ಎಥನಾಲಿನ ತೂಕದಲ್ಲಿ ಮೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚು ಆಮ್ಲಜನಕವೇ ಇರುವುದರಿಂದ ಈ ಮಿಶ್ರಣಕ್ಕೆ ಸುಮಾರು 13.5 ಭಾಗ ಗಾಳಿ ಸಾಕು. ಅಪ್ಪಟ ಪೆಟ್ರೋಲಿಗೆ ಹೊಂದಿಸಿದ ಕಾರ್ಬುರೇಟರು ಇದನ್ನು ಅರಿಯದು. ಮೊದಲೇ ತೆಳುವಾದ ಮಿಶ್ರಣಕ್ಕೆ ಕಳ್ಳಗಾಳಿಯೂ ಸೇರಿದರೆ ಗಾಯದ ಮೇಲೆ ಬರೆ ಎಳೆದಂತಾಯಿತು.

ಅಂಟಿನಿಂದ ಇದು ನೀಗುವುದೇ? ಸಾಮಾನ್ಯ ಸಿಲಿಕೋನ್ ಅಂಟು ಪೆಟ್ರೋಲು ತಗುಲಿ ಉಬ್ಬಿ, ಚೂರುಗಳಾಗಿ ಎಂಜಿನ್ನಿನೊಳಕ್ಕೆ ಹೋಗಬಹುದು. ಕಲ್ಲಿನಂತೆ ಗಟ್ಟಿಯಾಗುವ ಎಪಾಕ್ಸಿ, ಅದುರುವ ರಬ್ಬರಿನಿಂದ ಕಳಚಿಕೊಳ್ಳುತ್ತದೆ. ಸೈಕಲ್ ಟ್ಯೂಬಿನ ಪಟ್ಟಿಯೂ ಪೆಟ್ರೋಲಿಗೆ ಉಬ್ಬಿ ಸಡಿಲವಾಗುತ್ತದೆ. ಜೆಟ್ ಬದಲಿಸಿ ಪೆಟ್ರೋಲು ಹೆಚ್ಚಿಸಿದರೂ ಫಲವಿಲ್ಲ. ಸೋರಿಕೆಯ ಪ್ರಮಾಣ ಗಳಿಗೆಗೊಂದು ಬಗೆಯಾದುದರಿಂದ ಒಂದೇ ಜೆಟ್ ಅದಕ್ಕೆಲ್ಲ ಹೊಂದಲಾರದು.

ಪರೀಕ್ಷೆಯಾದರೋ ಸುಲಭ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ನು ಒಡನೆ ಶಾಂತವಾಗದಿದ್ದರೆ ಸಂಶಯಪಡಬೇಕು. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ಚಿಮುಕಿಸಿ ಸೋರಿಕೆ ಹುಡುಕುವುದು ಬೆಂಕಿಯೊಡನೆ ಸರಸ. ರಬ್ಬರನ್ನು ಬಿಚ್ಚಿ, ಒಂದು ಬಾಯಿಗೆ ಬಿರಡೆಯಿಟ್ಟು, ಇನ್ನೊಂದರಿಂದ ಪಂಪಿನಲ್ಲಿ ಮೆಲ್ಲನೆ ಗಾಳಿಯೂಡಿ, ಪಂಕ್ಚರ್ ಅಂಗಡಿಯ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ತುಸು ಬಗ್ಗಿಸಬೇಕು. ಗುಳ್ಳೆಗಳೇ ಸಾಕ್ಷಿ ನುಡಿಯುತ್ತವೆ. ಎಂಜಿನ್ನಿಗೆ ತಾಗುವ ಲೋಹದ ಮುಖ ಸಮತಟ್ಟಾಗಿದೆಯೇ ಎಂಬುದನ್ನು ಗಾಜಿನ ಹಲಗೆಯ ಮೇಲಿಟ್ಟು ನೋಡಬೇಕು. ಬಳಿಕ ಪೆಟ್ರೋಲನ್ನು ತಡೆಯುವ ಹೊಸ ರಬ್ಬರು, ಹೊಸ ಗ್ಯಾಸ್ಕೆಟ್ಟು. ಕ್ಲಿಪ್ಪನ್ನು ಹಿತಮಿತವಾಗಿ ಬಿಗಿದರೆ ಸಾಕು.

ಹಳ್ಳಿಯಲ್ಲಿ ಹೊಸ ರಬ್ಬರು ಕೂಡಲೇ ದೊರೆಯದೆಂಬ ಆಕ್ಷೇಪ ನ್ಯಾಯವೇ. ದಾರಿಯಲ್ಲಿ ಕೆಟ್ಟರೆ ಬಿಗಿಯಾಗಿ ಸುತ್ತಿಕೊಂಡು ನಿಧಾನವಾಗಿ ಮನೆ ಸೇರುವುದನ್ನು ಯಾರೂ ಹಳಿಯಲಾರರು. ಆದರೆ ಆ ಕಟ್ಟನ್ನೇ ಚಿಕಿತ್ಸೆಯೆಂದು ಭಾವಿಸಿ, ಮರುದಿನ ಹೆಂಡಿರು ಮಕ್ಕಳನ್ನು ಕೂರಿಸಿಕೊಂಡು ಹೊರಡುವುದು ವಿವೇಕವಲ್ಲ. ರಬ್ಬರು ದೊರೆಯುವವರೆಗೆ ಬಂಡಿ ಮನೆಯಲ್ಲಿಯೇ ನಿಲ್ಲಲಿ.